ಲೋಂಡಾ ಡೈರಿ, ಭಾಗ 6: ಆಪರೇಷನ್ ಆತು, ಮುಂದೇನು?

ಕಾಲು ಮುರಿದವರ ಮನೆಗೆ ಬಾಳೆಹಣ್ಣು, ಬಿಸ್ಕಿಟ್ ಪುಡಾ ತಗೊಂಡು ಎಲ್ಲರೂ ಹೋಗ್ತೀವಿ. "ರಾಡ್ ಹಾಕ್ಯಾರೇನು? ಖರ್ಚು ಎಷ್ಟಾತು?" ಅಂತ ಕೇಳ್ತೀವಿ. "ಮೊಣಕಾಲು ಎಷ್ಟು ಮಡಚಾಕ ಬರತೈತಿ?" ಅಂತ ಯಾರೂ ಕೇಳಂಗಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನ.

ಎಲುಬು ಕೂಡಿಸೋದು ಒಂದು ಕೆಲಸ. ಆ ಕಾಲಿನಿಂದ ಮತ್ತೆ ನಡೆಯೋದು ಇನ್ನೊಂದು. ವಾರಗಟ್ಟಲೆ ಪ್ಲಾಸ್ಟರಿನಾಗಿದ್ದ ಕೀಲು ಬಿಗಿಯುತ್ತೆ, ತೊಡೆ ಸೊರಗುತ್ತೆ. ಲಕ್ವಾ ಹೊಡೆದವರಿಗಂತೂ ಮೊದಲಿನ ಮೂರು ತಿಂಗಳು ಭಾಳ ಮುಖ್ಯ. ಕೈಕಾಲಿನ ಚಲನೆ ಹೆಚ್ಚಾಗಿ ಮರಳೋದು ಆವಾಗಲೇ. "ರೆಸ್ಟ್ ಮಾಡ್ಲಿ ಬಿಡ್ರಿ" ಅಂತ ಪ್ರೀತಿಯಿಂದ ಮಲಗಿಸಿದರೆ ಆ ತಿಂಗಳುಗಳು ಹಾಸಿಗೆ ಮ್ಯಾಲೇ ಮುಗೀತಾವ.

ಈ ಚಿಕಿತ್ಸೆಗೆ ಪುನರ್ವಸತಿ ಅಂತಾರ. (ಡ್ಯಾಮಿಗೆ ಹೊಲ ಹೋದವರದ್ದಲ್ಲ, ದೇಹದ್ದು!) ಜಗತ್ತಿನಾಗ ಸುಮಾರು 240 ಕೋಟಿ ಜನಕ್ಕೆ ಇದರಿಂದ ಉಪಯೋಗ ಆದೀತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಈಗ ನಮ್ಮೂರಿಗೆ ಬರ್ರಿ. ಲೋಂಡಾದಿಂದ ಬೆಳಗಾವಿ ಸುಮಾರು 50 ಕಿಲೋಮೀಟರ್. ಅಲ್ಲಿ ದೊಡ್ಡ ಆಸ್ಪತ್ರೆ ಅದಾವ, ಫಿಸಿಯೋಥೆರಪಿ ಕಾಲೇಜೂ ಐತಿ. ಆದ್ರೆ ಅರ್ಧ ತಾಸಿನ ವ್ಯಾಯಾಮಕ್ಕೆ ಇಡೀ ದಿನ ಬೇಕು. ಪೇಷಂಟ್ ಒಬ್ಬರೇ ರೈಲು ಹತ್ತಾಕ ಆಗಂಗಿಲ್ಲ, ಜೊತೆಗೆ ಬಂದವರ ಕೂಲಿನೂ ಹೋಯ್ತು. ಮಳೆಗಾಲದಾಗಂತೂ ಕೇಳಬ್ಯಾಡ್ರಿ. ಎರಡು ಸಲ ಹೋಗ್ತಾರ, ಮೂರನೇ ಸಲ ಬಿಡ್ತಾರ. ಆಮ್ಯಾಲೆ ನಾವು "ಅವರಿಗೆ ಕಾಳಜಿನೇ ಇಲ್ಲ" ಅಂತೀವಿ! ಮನೆಯಾಗ ಮಾಡ್ರಿ ಅಂತ ಕೊಡೋ ಚೀಟಿ ಇಂಗ್ಲಿಷಿನಾಗ ಇದ್ರೆ, ಮರಾಠಿ, ಕೊಂಕಣಿ, ಕನ್ನಡ ಮಾತಾಡೋ ಮನೆಯಾಗ ಅದನ್ನ ಓದೋರ್ಯಾರು?

ಜನರ ಬದುಕು ನೋಡಿ ಚಿಕಿತ್ಸೆ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಜೈಪುರ ಫೂಟ್ ಐತಲ್ಲ. ವಿದೇಶಿ ಮಾದರಿಯ ಕೃತಕ ಪಾದ ಬೂಟು ಹಾಕೋರಿಗೆ ಮಾಡಿದ್ದು. ನಮ್ಮವರು ನೆಲದ ಮ್ಯಾಲೆ ಕುಂಡ್ರತಾರ, ಬರಿಗಾಲಲ್ಲಿ ಕೆಸರಿಗೆ ಇಳೀತಾರ. 1968ರ ಸುಮಾರಿಗೆ ಜೈಪುರದಾಗ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾಕ್ಟರ್ ಪಿ. ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದ್ರು. ಅದನ್ನ ಹಾಕ್ಕೊಂಡು ಚಕ್ಕಳಮಕ್ಕಳ ಹಾಕಬಹುದು, ಕುಕ್ಕರಗಾಲಲ್ಲಿ ಕೂಡಬಹುದು, ಗದ್ದೆಯಾಗ ನಡೀಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಶರ್ಮಾ ಅವರ ಹೆಸರು ಎಷ್ಟು ಮಂದಿಗೆ ಗೊತ್ತು?

ಹಂಗೇ ನಮ್ಮ ಕಡೆ "ಗುಣ ಆತು" ಅನ್ನೋದನ್ನ ಎಕ್ಸ್-ರೇ ಒಂದೇ ಹೇಳಬಾರದು. ಸ್ಟೇಷನ್ನಿನ ಮೆಟ್ಟಿಲು ಹತ್ತಾಕ ಆಗುತ್ತಾ? ಭತ್ತ ನಾಟಿಗೆ ಬಗ್ಗಾಕ ಆಗುತ್ತಾ? ಪಾಯಖಾನೆಯಾಗ ಕೂತು ಎದ್ದೇಳಾಕ ಆಗುತ್ತಾ? ಅವರ ಗುರಿ ಇದೇ ಅಲ್ಲೇನು?

ಇದಕ್ಕೆ ಹೊಸ ಯೋಜನೆ ಬೇಕಂತಲ್ಲ. ಕರ್ನಾಟಕದಾಗ ಗ್ರಾಮ ಪಂಚಾಯ್ತಿ ಮಟ್ಟದಾಗ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ಈಗಾಗಲೇ ಅದಾರ. ಇವರಲ್ಲಿ ಭಾಳ ಮಂದಿ ತಾವೂ ವಿಕಲಚೇತನರೇ. ಕಡಿಮೆ ಗೌರವಧನಕ್ಕೆ ಮನೆಮನೆ ತಿರುಗಿ ಪಿಂಚಣಿ ಅರ್ಜಿ, ಗುರುತಿನ ಚೀಟಿ, ಸರ್ವೆ ಅಂತ ಓಡಾಡ್ತಾರ. ಹೆಸರಿನಾಗ ಪುನರ್ವಸತಿ, ಕೈಯಾಗ ಬರೀ ಫಾರ್ಮು. ಇವರಿಗೆ ಸರಳ ವ್ಯಾಯಾಮ, ವಾಕರ್ ಹಿಡಿಯೋ ರೀತಿ, ಬೆನ್ನಿಗೆ ಹುಣ್ಣಾಗದಂಗ ಮಗ್ಗಲು ಬದಲಿಸೋದು ಇಷ್ಟು ಕಲಿಸಿ, ಗೌರವಧನ ಹೆಚ್ಚಿಸಲಿ. ವಾರಕ್ಕೆ ಎರಡು ದಿನ ಫಿಸಿಯೋಥೆರಪಿಸ್ಟ್ ಒಬ್ಬರು ಬೆಳಗಾವಿಯಿಂದ ಈ ಕಡೆ ಬರಲಿ. ಪೇಷಂಟ್ 50 ಕಿಲೋಮೀಟರ್ ಹೋಗೋದಕ್ಕಿಂತ ಅವರು ಬರೋದು ಸುಲಭ. ಅವರ ಮೊಣಕಾಲು ಮಡಚತೈತಿ.

ನಿಮ್ಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಗೊತ್ತೈತೇನು? ಗೊತ್ತಿಲ್ಲಂದ್ರೆ ಈ ವಾರ ಪಂಚಾಯ್ತಿ ಆಫೀಸಿಗೆ ಹೋಗಿ ಕೇಳ್ರಿ. ಅವರಿಗೆ ಏನು ತರಬೇತಿ ಕೊಟ್ಟಾರ ಅಂತನೂ ಕೇಳಿ, ಕೆಳಗೆ ಬರೀರಿ. ಮುಂದಿನ ಭಾಗದಾಗ ನಮ್ಮ ಸ್ಟೇಷನ್ನಿಗೆ ವೀಲ್‌ಚೇರ್ ತಗೊಂಡು ಹೋಗೋಣ.

#ಲೋಂಡಾಡೈರಿ #ಖಾನಾಪುರ #ಪುನರ್ವಸತಿ