ದೀಪ ಬೆಳಗಿಸಿದರೆ ಸೌಂಡ್ ಟ್ಯೂನ್ ಆಗಲ್ಲ

ಕಾರ್ಯಾಗಾರ ಅನ್ನೋದಕ್ಕೆ ಕನ್ನಡದಲ್ಲಿ ಕಮ್ಮಟ ಅಂತ ಒಂದು ಒಳ್ಳೆಯ ಮಾತಿದೆ. ಕಮ್ಮಟ ಅಂದರೆ ಮೂಲದಲ್ಲಿ ಟಂಕಸಾಲೆ, ನಾಣ್ಯ ಹೊಯ್ಯುವ ಜಾಗ. ಅಲ್ಲಿ ಲೋಹ ಕಾಯಬೇಕು, ಅಚ್ಚು ಬೀಳಬೇಕು, ಸರಿಯಾಗಿ ಮೂಡದ ನಾಣ್ಯವನ್ನು ಮತ್ತೆ ಕರಗಿಸಬೇಕು. ನಮ್ಮಲ್ಲಿ ಈಗ ನಡೆಯುತ್ತಿರುವ ಕಮ್ಮಟಗಳಲ್ಲಿ ಕಾಯುವುದು ಲೋಹವಲ್ಲ, ಉದ್ಘಾಟಕರಿಗಾಗಿ ಜನ.

ಮೊನ್ನೆ ಒಂದು ಸಂಸ್ಥೆಯವರು ತಮ್ಮ ಕಾರ್ಯಾಗಾರದ ರೂಪುರೇಷೆ ಕಳಿಸಿ ನನ್ನ ಅಭಿಪ್ರಾಯ ಕೇಳಿದರು. ವಿಷಯ: ನಾಟಕ, ಸಂಗೀತ, ಸಭೆ-ಸಮಾರಂಭಗಳಲ್ಲಿ ಸೌಂಡ್ ಸಿಸ್ಟಂ ಟ್ಯೂನ್ ಮಾಡುವ ಪ್ರಾಯೋಗಿಕ ತರಬೇತಿ. ವಿಷಯ ನೋಡಿ ಖುಷಿಯಾಯ್ತು. ನಾಟಕ, ಆಟ ಅಂತ ಊರೂರು ತಿರುಗಿ ಮಿಕ್ಸರ್ ಹಿಂದೆ ಕೂತವನಿಗೆ ಖುಷಿಯಾಗದೆ ಇರುತ್ತಾ? ಮುಂದೆ ಓದಿದೆ. ಎರಡು ದಿನ. 80 ಜನ ಶಿಬಿರಾರ್ಥಿಗಳು. ಮೊದಲ ದಿನ ಬೆಳಿಗ್ಗೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಮೂವರು ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನೆ. ಆಮೇಲೆ ನಾಲ್ಕು ಗೋಷ್ಠಿ. ಎರಡನೆಯ ದಿನ ಊಟದ ನಂತರ, ಸಮಾರೋಪಕ್ಕೆ ಮುಂಚೆ, 90 ನಿಮಿಷ 'ಪ್ರಾತ್ಯಕ್ಷಿಕೆ'. ಇರುವುದು ಒಂದೇ ಮಿಕ್ಸರ್. ಲೆಕ್ಕ ಹಾಕಿ ನೋಡಿ, ತಲೆಗೆ 67 ಸೆಕೆಂಡ್. ಅಷ್ಟರಲ್ಲಿ ಮಿಕ್ಸರಿನ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಬಹುದು, ಅಷ್ಟೆ.

ಕಾಗದದ ಕೊನೆಯ ಸಾಲು ಇನ್ನೂ ಚೆನ್ನಾಗಿತ್ತು: ಭಾಗವಹಿಸುವವರಿಗೆ ಓಓಡಿ ಸೌಲಭ್ಯವಿದೆ. ಓಓಡಿ ಯಾರಿಗೆ ಸ್ವಾಮಿ ಬೇಕು? ಮೇಷ್ಟ್ರಿಗೆ, ಸರ್ಕಾರಿ ನೌಕರರಿಗೆ. ಅವರು ಬರಲಿ, ಬೇಡ ಅನ್ನಲ್ಲ. ಆದರೆ ನಮ್ಮೂರಿನ ಕಾರ್ಯಕ್ರಮಗಳ ಸೌಂಡ್ ಯಾರ ಕೈಯಲ್ಲಿದೆ? 'ಶಾಮಿಯಾನ, ಮೈಕ್ ಸೆಟ್, ಪಾತ್ರೆ ಬಾಡಿಗೆಗೆ ದೊರೆಯುತ್ತದೆ' ಅಂತ ಬೋರ್ಡು ಹಾಕಿದ ಅಂಗಡಿಯ ಹುಡುಗರ ಕೈಯಲ್ಲಿದೆ. ಬೆಳಿಗ್ಗೆ ಬಾಕ್ಸ್ ಇಳಿಸಿ, ವೈರ್ ಎಳೆದು, ಸಂಜೆ ಮಿಕ್ಸರ್ ಹಿಂದೆ ಕೂತು, ನಡುರಾತ್ರಿ ಮತ್ತೆ ಲಾರಿಗೆ ತುಂಬುವವರು ಅವರೇ. ಅವರಿಗೆ ಓಓಡಿ ಇಲ್ಲ. ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತೆ. ಅದೂ ಇವರು ಇಟ್ಟಿರುವ ತಾರೀಕು ಜನವರಿಯಲ್ಲಿ! ಬನದ ಹುಣ್ಣಿಮೆಯ ಆಸುಪಾಸು, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟು ಹಾಕಿರುವ, ಕರಾವಳಿಯಲ್ಲಿ ಮೇಳಗಳು ದಿನಕ್ಕೊಂದು ಊರು ತಿರುಗುವ ಕಾಲ. ಸೌಂಡಿನವರು ಯಾರೂ ಬರಬಾರದು ಅಂತಲೇ ಹುಡುಕಿ ಇಟ್ಟ ಹಾಗಿದೆ.

ನನ್ನ ತಕರಾರು ಇಷ್ಟೆ. ಸೌಂಡ್ ಟ್ಯೂನಿಂಗು ಕೈಗೂ ಕಿವಿಗೂ ಬರಬೇಕಾದ ವಿದ್ಯೆ. ಅದನ್ನು ದಡದ ಮೇಲೆ ಕೂರಿಸಿ ಈಜು ಕಲಿಸಿದ ಹಾಗೆ ಕಲಿಸೋಕೆ ಆಗಲ್ಲ. ಮತ್ತು ಅದು ಯಾರ ಹೊಟ್ಟೆಪಾಡೋ ಅವರಿಗೆ ಕಲಿಸದೆ, ಬಿಡುವಿದ್ದವರಿಗೆ ಕಲಿಸಿದರೆ ನಮ್ಮ ರಂಗಮಂದಿರಗಳು ಇನ್ನೂ ನೂರು ವರ್ಷ ಹೀಗೇ ಕಿರುಚುತ್ತಿರುತ್ತವೆ.

ಕಲಿಸಬೇಕಾದದ್ದು ಏನು ಅಂತ ಒಂದೆರಡು ಉದಾಹರಣೆ ಹೇಳ್ತೀನಿ.

ಎರಡು ಬಾಕ್ಸ್ ಪಕ್ಕ ಪಕ್ಕ ಇಡಿ. ಒಂದರ ಪ್ಲಸ್-ಮೈನಸ್ ವೈರನ್ನು ಯಾರಿಗೂ ಹೇಳದೆ ತಿರುಗಿಸಿ ಜೋಡಿಸಿ. ಹಾಡು ಹಾಕಿ. ಬಾಸ್ ಮಾಯ. ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ, ಒಂದನ್ನೊಂದು ತಿಂದು ಹಾಕುತ್ತವೆ. ನಮ್ಮ ಹುಡುಗರು ಆಗ ಮಾಡೋದು ಬಾಸ್ ನಾಬ್ ಪೂರ್ತಿ ತಿರುಗಿಸೋದು. ಅದಕ್ಕೂ ಬಗ್ಗದಿದ್ದರೆ ಆಂಪ್ಲಿಫೈಯರ್ ಏರಿಸೋದು. ಕೊನೆಗೆ ಕಾಯಿಲ್ ಸುಡುತ್ತೆ, ಮಾಲೀಕ ಬೈತಾನೆ. ಒಂದು ಸಲ ಅವರೇ ಹುಡುಕಿ, ವೈರ್ ಸರಿ ಮಾಡಿ, ಬಾಸ್ ದುಡುಮ್ಮನೆ ವಾಪಸ್ ಬಂದದ್ದನ್ನು ಎದೆಯಲ್ಲಿ ಅನುಭವಿಸಲಿ. ಆಮೇಲೆ ಸಾಯೋವರೆಗೆ ಮರೆಯಲ್ಲ. ಇದಕ್ಕೆ ಬೇಕಾದದ್ದು ಹತ್ತು ನಿಮಿಷ. ಸ್ಲೈಡು ಬೇಡ.

ಇನ್ನೊಂದು. ಶೂರ್ ಕಂಪನಿಯ ಎಸ್‌ಎಂ58 ಮೈಕು 1966ರಲ್ಲಿ ಬಂತು. ಅದೋ ಅದರ ನಕಲೋ ಇಲ್ಲದ ಮೈಕ್ ಸೆಟ್ಟೇ ನಮ್ಮಲ್ಲಿಲ್ಲ. ಅದು ಮುಂದಿನ ಸದ್ದು ಹಿಡಿಯುತ್ತೆ, ಬೆನ್ನ ಹಿಂದಿನದನ್ನು ಬಿಡುತ್ತೆ. ಆದ್ದರಿಂದಲೇ ಮಾನಿಟರ್ ಬಾಕ್ಸನ್ನು ಅದರ ಬೆನ್ನ ಕಡೆ ಇಡಬೇಕು. ಆದರೆ ನಮ್ಮ ಭಾಷಣಕಾರರು, ಗಾಯಕರು ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡೀತಾರೆ. ಹಿಂದಿನ ಕಿಂಡಿಗಳು ಮುಚ್ಚಿಹೋಗಿ ಅದು ಸುತ್ತಲಿನದನ್ನೆಲ್ಲ ಹಿಡಿಯತೊಡಗುತ್ತೆ, 'ಕುಂಯ್' ಅನ್ನುತ್ತೆ. ಸಭೆಯವರೆಲ್ಲ ತಿರುಗಿ ಮೈಕಿನ ಹುಡುಗನನ್ನು ನೋಡ್ತಾರೆ. ತಪ್ಪು ಮುಷ್ಟಿಯದು, ಬೈಗುಳ ಹುಡುಗನಿಗೆ. ಕಮ್ಮಟದಲ್ಲಿ ಪ್ರತಿಯೊಬ್ಬನೂ ಮೈಕನ್ನು ಕೂಗುವ ಅಂಚಿಗೆ ತಂದು, ಆ ತಲೆಯನ್ನು ಒಮ್ಮೆ ಮುಚ್ಚಿ ನೋಡಬೇಕು. ತೆರೆದ ಮೈಕುಗಳ ಲೆಕ್ಕವೂ ಹಾಗೆಯೇ ಅರಿವಿಗೆ ಬರಬೇಕು. ಮೈಕು ದುಪ್ಪಟ್ಟಾದಾಗಲೆಲ್ಲ, ಕೂಗದೆ ಸಿಗುವ ಜೋರು 3 ಡೆಸಿಬೆಲ್ ಇಳಿಯುತ್ತೆ. ರಂಗದ ಮೇಲೆ ಎಂಟು ಮೈಕು ತೂಗುಹಾಕಿದರೆ 9 ಡೆಸಿಬೆಲ್ ಹೋಯ್ತು. ನಿರ್ದೇಶಕರು 'ಇನ್ನೆರಡು ಮೈಕ್ ಹಾಕಪ್ಪಾ' ಅಂದಾಗ 'ಬೇಡ ಸಾರ್' ಅನ್ನೋ ಧೈರ್ಯ ಈ ಲೆಕ್ಕದಿಂದ ಬರುತ್ತೆ.

ಮೂರನೆಯದು ಉದ್ದದ ಸಭಾಂಗಣ. ಹಿಂದಿನವರಿಗೆ ಕೇಳಲಿ ಅಂತ 30 ಮೀಟರ್ ದೂರದ ಗೋಡೆಗೆ ಒಂದು ಬಾಕ್ಸ್ ತಗುಲಿಸ್ತಾರೆ. ವೈರಿನಲ್ಲಿ ಹೋದ ಮಾತು ಆ ಕ್ಷಣವೇ ಅಲ್ಲಿ ಹೊರಬೀಳುತ್ತೆ. ವೇದಿಕೆಯ ಬಾಕ್ಸಿನಿಂದ ಗಾಳಿಯಲ್ಲಿ ಬರುವ ಮಾತಿಗೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು, ಅಂದರೆ 90 ಮಿಲಿಸೆಕೆಂಡ್ ತಡ. ಹಿಂದಿನ ಸಾಲಿನವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತೆ. 'ಈ ಹಾಲೇ ಸರಿಯಿಲ್ಲ, ಎಕೋ ಹೊಡೆಯುತ್ತೆ' ಅಂತ ಹಾಲ್ ಕಟ್ಟಿದವನಿಗೆ ಶಾಪ. ಹಿಂದಿನ ಬಾಕ್ಸಿಗೆ ಅಷ್ಟು ಡಿಲೇ ಕೊಟ್ಟರೆ ಮುಗಿಯಿತು. ಟೇಪು ಹಿಡಿದು ಅಳೆದು, ಮೂರರಿಂದ ಗುಣಿಸಿ, ಮಿಕ್ಸರಿನಲ್ಲಿ ಅಂಕಿ ಒತ್ತಿ, ಹಿಂದೆ ಹೋಗಿ ನಿಂತು ಕೇಳೋದು. ಏಳನೇ ಕ್ಲಾಸಿನ ಲೆಕ್ಕ.

ಈಕ್ವಲೈಸರ್ ಕೊನೆಗೆ. ಈಗ ನಡೆಯೋದು ತಿರುಗುಮುರುಗು. ಬಾಕ್ಸ್ ಎಲ್ಲೋ ಇಟ್ಟು, ಒಂದು ಸಿನಿಮಾ ಹಾಡು ಹಾಕಿ, ಗ್ರಾಫಿಕ್ ಈಕ್ವಲೈಸರಿನ ಎರಡು ತುದಿ ಏರಿಸಿ ನಡುವನ್ನು ಇಳಿಸಿ, ನಗುವ ಬಾಯಿಯ ಆಕಾರ ಬಂದರೆ ಟ್ಯೂನ್ ಆಯ್ತು ಅಂತ. ಹಾಡಿಗೆ ಝಗಮಗ ಬರುತ್ತೆ, ನಿಜ. ಆದರೆ ಮಾತಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳೋದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ, ಇವರು ಇಳಿಸಿದ ಜಾಗದಲ್ಲೇ. ಅದಕ್ಕೇ ನಮ್ಮ ನಾಟಕಗಳಲ್ಲಿ ಗದ್ದಲ ಕೇಳುತ್ತೆ, ಮಾತು ಕೇಳಲ್ಲ. ಟೆಸ್ಟಿಂಗ್ ಮಾಡುವಾಗ 'ಹಲೋ, ಒನ್ ಟೂ ತ್ರೀ' ಯಾಕೆ ಹೇಳಬೇಕು? ನಾಡು, ಕಾಡು, ಹಾಡು, ಪಾಡು, ಬಾಡು ಅಂತ ಹೇಳಿ. ಕಲೆ, ತಲೆ, ಬಲೆ, ಮಲೆ ಅಂತ ಹೇಳಿ, ಹಿಂದು ಮುಂದು ಮಾಡಿ ಹೇಳಿ. ಕೊನೆಯ ಸಾಲಿನಲ್ಲಿ ಕೂತವರು ಕೇಳಿಸಿದ್ದನ್ನು ಬರೆಯಲಿ. ಕಾಡು ಅಂದದ್ದು ಪಾಡು ಆಗಿದ್ದರೆ ಟ್ಯೂನಿಂಗು ಆಗಿಲ್ಲ. ಇಷ್ಟು ಅಗ್ಗದ ಉಪಕರಣ ಯಾವ ಕಂಪನಿಯೂ ಮಾರಲ್ಲ.

ಇನ್ನು ನನ್ನ ಯೋಜನೆ. 80 ಜನ ಬೇಡ, 12 ಜನ ಸಾಕು, ನಾಲ್ಕು ಜನರ ಮೂರು ಗುಂಪು. ಮೂರು ದಿನ. ಕಾಲ ಆಷಾಢ. ಮದುವೆ ಇಲ್ಲ, ಜಾತ್ರೆ ಇಲ್ಲ, ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದಿರುತ್ತೆ, ಬಾಕ್ಸುಗಳು ಗೋಡೌನಿನಲ್ಲಿ ಮಲಗಿರುತ್ತವೆ. ಅವರವರ ಮಿಕ್ಸರು, ಅವರವರ ಬಾಕ್ಸನ್ನೇ ತರಲಿ. ಪರದೇಶದ ಲೈನ್ ಅರೇ ತೋರಿಸಿ ಬಾಯಲ್ಲಿ ನೀರೂರಿಸಿ ಕಳಿಸಬೇಡಿ. ನಾಳೆ ಅವರು ದುಡಿಯೋದು ತಮ್ಮ ಹಳೇ ಬಾಕ್ಸಿನಲ್ಲೇ.

ಮೊದಲ ದಿನ ಸೌಂಡೇ ಇಲ್ಲ. ಕೇಬಲ್ ಬಿಚ್ಚಿ ಬೆಸುಗೆ ಹಾಕೋದು, ಮಲ್ಟಿಮೀಟರ್ ಹಿಡಿಯೋದು, ಅರ್ತಿಂಗ್ ನೋಡೋದು. 'ಗುಂಯ್' ಅನ್ನೋ ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಅಭ್ಯಾಸ ಎಷ್ಟು ಕಡೆ ಇದೆ ಅಂತ ಕಲಾವಿದರನ್ನು ಕೇಳಿ. ಮೈಕು ತುಟಿಗೆ ತಾಗಿ ಚುರುಕ್ ಅಂದದ್ದನ್ನು ನಗುತ್ತಾ ಹೇಳ್ತಾರೆ. ಮಳೆಯಲ್ಲಿ, ಒದ್ದೆ ನೆಲದಲ್ಲಿ, ಜನರೇಟರ್ ಮೇಲೆ ಅದು ನಗುವ ವಿಷಯ ಅಲ್ಲ, ಹೆಣ ಬೀಳುವ ವಿಷಯ. ಎರಡನೆಯ ದಿನ ಬಾಕ್ಸಿನ ಜಾಗ, ಪೊಲಾರಿಟಿ, ಡಿಲೇ, ಕೊನೆಗೆ ಈಕ್ವಲೈಸರ್. ಬೇಕಂತಲೇ ಕೆಡಿಸಿಟ್ಟ ಸಿಸ್ಟಂ ಕೊಟ್ಟು ಹುಡುಕಲು ಹೇಳೋದು. ಮೂರನೆಯ ದಿನ ನಿಜವಾದ ಕಲಾವಿದರು. ಭಾಗವತರು, ಮದ್ದಳೆ, ಚೆಂಡೆ ಇರಲಿ. ಮೈಲಿ ದೂರ ಕೇಳುವ ಚೆಂಡೆಗೂ ಮೈಕ್ ಇಟ್ಟು ಭಾಗವತರ ಕಂಠವನ್ನು ಮುಳುಗಿಸುವ ನಮ್ಮ ಅಭ್ಯಾಸವನ್ನು, ಆ ಒಂದು ಫೇಡರ್ ಇಳಿಸಿ ನೋಡುವ ಮೂಲಕ ಪರೀಕ್ಷೆ ಮಾಡಲಿ. ಸಂಜೆ ಊರಿನವರಿಗೆ ಪ್ರದರ್ಶನ. ಕೊನೆಯ ಸಾಲಿನ ಅಜ್ಜಿಗೆ ಪದ್ಯದ ಮಾತು ತಿಳಿಯಿತಾ? ಅದೇ ಪ್ರಮಾಣಪತ್ರ.

ಮುಖ್ಯವಾದ ಮಾತು: ಬಂದವರಿಗೆ ಮೂರು ದಿನದ ಕೂಲಿ ಕೊಡಬೇಕು. 12 ಜನ, ಮೂರು ದಿನ, 36 ದಿನಗೂಲಿ. ದುಡ್ಡೆಲ್ಲಿ ಅನ್ನೋರು ತಮ್ಮದೇ ಖರ್ಚಿನ ಪಟ್ಟಿ ತೆಗೆದು ನೋಡಲಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫ್ಲೆಕ್ಸು, 80 ಬ್ಯಾಗು, 80 ಫೈಲು, 80 ಪೆನ್ನು, ಎರಡು ದಿನ 80 ಎಲೆ ಊಟ. ಕೂಲಿ ಅಲ್ಲೇ ಕೂತಿದೆ.

ಈಗೆಲ್ಲ ಡಿಜಿಟಲ್ ಬಂದಿದೆ, ಆ್ಯಪೇ ಟ್ಯೂನ್ ಮಾಡುತ್ತೆ ಅನ್ನೋರಿದ್ದಾರೆ. ಅಳತೆಯ ಸಾಫ್ಟ್‌ವೇರ್ ನಾನೂ ಬಳಸ್ತೀನಿ. ರೂಮ್ ಇಕ್ಯೂ ವಿಝಾರ್ಡ್ ಪುಕ್ಕಟೆ ಸಿಗುತ್ತೆ. ಆದರೆ ಅಳೆಯುವ ಮೈಕು ತಾನು ನಿಂತ ಜಾಗದ ಕತೆ ಮಾತ್ರ ಹೇಳುತ್ತೆ. ಒಂದು ಮೀಟರ್ ಸರಿಸಿದರೆ ಕತೆ ಬೇರೆ. ಸಭಾಂಗಣ ಪೂರ್ತಿ ನಡೆದು ಕೇಳುವ ಕಾಲು, ಕಿವಿ ಆ್ಯಪಿಗಿಲ್ಲ.

ಜನಕ್ಕೆ ಜೋರೇ ಬೇಕು ಅನ್ನೋದು ಇನ್ನೊಂದು ವಾದ. ಹಿಂದಿನ ಸಾಲಿನಿಂದ 'ಕೇಳಿಸ್ತಿಲ್ಲ' ಅಂತ ಕೂಗುವವನು ಹೇಳೋದು 'ತಿಳೀತಿಲ್ಲ' ಅಂತ. ನಾವು ಅದಕ್ಕೆ ವಾಲ್ಯೂಮ್ ಏರಿಸ್ತೀವಿ. ಅದರ ಬೆಲೆ ಯಾರು ಕೊಡ್ತಾರೆ ನೋಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 3 ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧವಾಗುತ್ತೆ. 100 ಮುಟ್ಟಿದರೆ 15 ನಿಮಿಷ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಬಾಕ್ಸುಗಳ ಪಕ್ಕ ಆರು ಗಂಟೆ ನಡೆಯುವ ಹುಡುಗನಿಗೆ ಈ ಲೆಕ್ಕ ಯಾರೂ ಹೇಳಿಲ್ಲ. ಕೇಳುಗರು ಒಂದು ರಾತ್ರಿ ಸಹಿಸಿ ಮನೆಗೆ ಹೋಗ್ತಾರೆ. ಅವನದು ವರ್ಷವಿಡೀ. ಇಪ್ಪತ್ತೈದಕ್ಕೇ ಕಿವಿಯೊಳಗೆ ಜೀರುಂಡೆ ಕೂಗುವವನು ನಾಳೆ ಯಾವ ಕಿವಿಯಿಂದ ಟ್ಯೂನ್ ಮಾಡಬೇಕು? ಕಿವಿ ಮಂದವಾದಷ್ಟೂ ಅವನು ಇನ್ನೂ ಏರಿಸ್ತಾನೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡ ಅನ್ನೋ 2000ದ ನಿಯಮ ತೋರಿಸಿ ಪೊಲೀಸರು ಬಂದಾಗ ಮೊದಲು ಗದರಿಸಿಕೊಳ್ಳೋನೂ ಅವನೇ, ಸಂಘಟಕರಲ್ಲ.

ಅಡುಗೆಯವರಿಗೆ, ಪುರೋಹಿತರಿಗೆ, ನಿರೂಪಕರಿಗೆ ವೇದಿಕೆಯಲ್ಲಿ ಹೆಸರು ಹೇಳಿ ವಂದಿಸ್ತೀವಿ. ಮೈಕ್ ಸೆಟ್ಟಿನವನ ಹೆಸರು ನಮಗೆ ನೆನಪಾಗೋದು ಅದು ಕೂಗಿದಾಗ, 'ಏಯ್ ಮೈಕು' ಅಂತ. ಅವನಿಗೆ ಕಲಿಸುವ ಹೊಣೆ ನಮ್ಮದಲ್ಲ ಅಂದುಕೊಂಡಿರೋ ತನಕ ಬೈಯುವ ಹಕ್ಕೂ ನಮಗಿಲ್ಲ. ಸಂಘಟಕರೇ, ಮುಂದಿನ ಆಷಾಢಕ್ಕೆ ಇನ್ನೂ ಸಮಯವಿದೆ. ಆಹ್ವಾನ ಪತ್ರಿಕೆಯ ಪ್ರೂಫ್ ತಿದ್ದೋದು ಬಿಡಿ. 12 ಹೆಸರು ಬರ್ಕೊಳ್ಳಿ, 36 ಕೂಲಿ ಎತ್ತಿಡಿ, ಅರ್ಧ ಡಜನ್ ಸಾಲ್ಡರಿಂಗ್ ಐರನ್ ತನ್ನಿ. ದೀಪ ಹಚ್ಚಲೇಬೇಕು ಅಂತಿದ್ದರೆ ಹಚ್ಚಿ. ಮಾತಾಡಬೇಡಿ.