ಎದ್ದು ಬಂದ ಮೇಲೂ ಉಳಿಯುವ ಚೀಟಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ವಿಜಯನಗರ, ರಾಜಾಜಿನಗರ, ಕೆಂಗೇರಿ ಕಡೆಯ ಸೈಬರ್ ಸೆಂಟರ್‌ಗಳಲ್ಲಿ ಬಿಡುವೇ ಇರುವುದಿಲ್ಲ. ಕುರ್ಚಿಯಿಂದ ಒಬ್ಬರು ಏಳುವುದೇ ತಡ, ಇನ್ನೊಬ್ಬರು ಬಂದು ಕೂರುತ್ತಾರೆ. ಅಂಥ ಒಂದು ಕುರ್ಚಿಯಲ್ಲಿ ಬಸವೇಶ್ವರನಗರದ ಒಬ್ಬ ಹುಡುಗಿ ಕುಳಿತಿದ್ದಾಳೆ ಎಂದಿಟ್ಟುಕೊಳ್ಳಿ. ತನ್ನ ಇ-ಮೇಲ್ ತೆರೆದು, ಅದರಲ್ಲಿದ್ದ ಅರ್ಜಿಯ ಪ್ರತಿಯನ್ನು ಪ್ರಿಂಟ್ ತೆಗೆಸಿ, ಹಣ ಕೊಟ್ಟು, ಪರದೆಯ ಮೂಲೆಯಲ್ಲಿದ್ದ ಕತ್ತರಿ ಗುರುತನ್ನು ಒತ್ತಿ ಮನೆಗೆ ಬರುತ್ತಾಳೆ.

“ಎಲ್ಲಾ ಕ್ಲೋಸ್ ಮಾಡಿ ಬಂದ್ಯಾ ಪುಟ್ಟಿ?” ಎಂದು ತಂದೆ ಕೇಳುತ್ತಾರೆ.

“ಹೂಂ ಅಪ್ಪ, ಮಾಡ್ದೆ. ಪಾಸ್‌ವರ್ಡ್ ಕೂಡ ಯಾರಿಗೂ ಹೇಳಿಲ್ಲ.”

ಇಬ್ಬರಿಗೂ ಸಮಾಧಾನ. ಆದರೆ ಅದೇ ಕುರ್ಚಿಯಲ್ಲಿ ಬಂದು ಕುಳಿತ ಮುಂದಿನ ವ್ಯಕ್ತಿ ಅದೇ ಮೇಲ್‌ನ ಜಾಲತಾಣವನ್ನು ತೆರೆದರೆ, ಪಾಸ್‌ವರ್ಡ್ ಕೇಳದೆಯೇ ಆ ಹುಡುಗಿಯ ಅಂಚೆ ಪೆಟ್ಟಿಗೆ ತೆರೆದುಕೊಳ್ಳಬಹುದು. ಅವಳು ಸುಳ್ಳು ಹೇಳಲಿಲ್ಲ. ಅವಳು ಮುಚ್ಚಿದ್ದು ಕಿಟಕಿಯನ್ನು ಮಾತ್ರ. ಗಣಕಯಂತ್ರದೊಳಗೆ ಒಂದು ಪುಟ್ಟ ಚೀಟಿ ಉಳಿದುಬಿಟ್ಟಿತ್ತು. ಅದರ ಹೆಸರು ಕುಕಿ.

ಬೇಕರಿಯ ಬಿಸ್ಕತ್ತಿನ ಹೆಸರು ಹೊತ್ತ ಈ ವಸ್ತು ಏನು, ಅದು ಏಕೆ ಬೇಕಾಯಿತು ಎಂದು ತಿಳಿಯಲು ಜಾಲತಾಣಗಳ ಒಂದು ವಿಚಿತ್ರ ಸ್ವಭಾವವನ್ನು ಗಮನಿಸಬೇಕು. ಜಾಲತಾಣವೆಂಬುದು ಹುಟ್ಟಾ ಮರೆಗುಳಿ. ಅದು ನಡೆಯುವ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಈ ನಿಯಮದಂತೆ ಬ್ರೌಸರ್ ಒಂದು ಪುಟ ಬೇಕೆಂದು ಕೇಳುತ್ತದೆ, ದೂರದಲ್ಲಿರುವ ಸರ್ವರ್ ಅದನ್ನು ಕಳಿಸುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಅರೆಕ್ಷಣದ ನಂತರ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ, ಹಿಂದೆ ಕೇಳಿದ್ದೂ ಇವರೇ ಎಂಬುದು ಸರ್ವರ್‌ಗೆ ತಿಳಿಯುವುದಿಲ್ಲ. ದಿನಸಿ ಅಂಗಡಿಯವನು ಅಕ್ಕಿ ತೂಗಿ ಕೊಟ್ಟು, ಬೇಳೆ ಕೇಳುವಷ್ಟರಲ್ಲಿ “ಯಾರು ನೀವು?” ಎಂದರೆ ಹೇಗಿರುತ್ತದೋ ಹಾಗೆ. ಇಂಥ ಅಂಗಡಿಯಲ್ಲಿ ಪಟ್ಟಿ ಹಿಡಿದು ಸಾಮಾನು ಕೊಳ್ಳುವುದು ಸಾಧ್ಯವೇ?

ಈ ತೊಡಕನ್ನು ಬಿಡಿಸಿದವರು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ. 1994ರಲ್ಲಿ ಎಂಸಿಐ ಎಂಬ ದೂರವಾಣಿ ಸಂಸ್ಥೆಗಾಗಿ ಅಂತರಜಾಲದ ಅಂಗಡಿಯೊಂದನ್ನು ಕಟ್ಟುವ ಕೆಲಸ ನಡೆದಿತ್ತು. ಗಿರಾಕಿಗಳು ಅರ್ಧಕ್ಕೆ ಬಿಟ್ಟುಹೋದ ವ್ಯವಹಾರಗಳನ್ನೆಲ್ಲ ತನ್ನ ಯಂತ್ರಗಳಲ್ಲಿ ತುಂಬಿಕೊಳ್ಳುವುದು ಆ ಸಂಸ್ಥೆಗೆ ಬೇಡವಾಗಿತ್ತು. ಹಾಗಾದರೆ ನೆನಪನ್ನು ಗಿರಾಕಿಯ ಗಣಕದಲ್ಲಿಯೇ ಇಟ್ಟರಾಯಿತು ಎಂಬುದು ಮಾಂಟುಲಿಯವರ ಉಪಾಯ. ಕಾರ್ಯಕ್ರಮಗಳು ಪರಸ್ಪರ ಗುರುತಿಗಾಗಿ ಕೊಟ್ಟು ಪಡೆಯುತ್ತಿದ್ದ ಸಣ್ಣ ಮಾಹಿತಿ ತುಣುಕಿಗೆ ಗಣಕ ತಜ್ಞರ ಬಳಗದಲ್ಲಿ ಮೊದಲೇ ‘ಮ್ಯಾಜಿಕ್ ಕುಕಿ’ ಎಂಬ ಹೆಸರಿತ್ತು. ಆ ಹೆಸರೇ ಇದಕ್ಕೂ ಅಂಟಿಕೊಂಡಿತು. 1994ರ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನಲ್ಲಿಯೇ ಕುಕಿಗೆ ಜಾಗವಿತ್ತು. ಮರುವರ್ಷ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಅದನ್ನು ಅಳವಡಿಸಿಕೊಂಡಿತು.

ಕುಕಿಯ ಕೆಲಸ ತಿಳಿಯಲು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿಗೆ ಹೋದರೆ ಸಾಕು. ಚಪ್ಪಲಿ ಕೊಟ್ಟವರಿಗೆ ಅಲ್ಲಿ ಒಂದು ಟೋಕನ್ ಕೊಡುತ್ತಾರೆ. ಅದರ ಮೇಲೆ 137 ಎಂದಿದ್ದರೆ, ಆ ಸಂಖ್ಯೆಗೆ ತನ್ನಷ್ಟಕ್ಕೆ ಏನೂ ಅರ್ಥವಿಲ್ಲ. ಯಾರ ಹೆಸರೂ ಅದರಲ್ಲಿಲ್ಲ. ಆದರೆ ಸ್ಟ್ಯಾಂಡಿನವನಿಗೆ ಅದನ್ನು ತೋರಿಸಿದರೆ 137ನೆಯ ಗೂಡಿನ ಚಪ್ಪಲಿ ಕೈಗೆ ಬರುತ್ತದೆ. ಮುಖ ನೋಡಿ ಕೊಡುವ ಪದ್ಧತಿ ಅಲ್ಲಿಲ್ಲ. ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದು. ಕುಕಿಯೂ ಹಾಗೆಯೇ. ಬಳಕೆದಾರರು ಪಾಸ್‌ವರ್ಡ್ ಕೊಟ್ಟು ಒಳಹೊಕ್ಕಾಗ ಸರ್ವರ್ ಒಂದು ಉದ್ದನೆಯ ಸಂಖ್ಯೆಯನ್ನು ಬ್ರೌಸರಿಗೆ ಕಳಿಸುತ್ತದೆ. ಬ್ರೌಸರ್ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಆ ತಾಣದಿಂದ ಪ್ರತಿ ಸಲ ಪುಟ ಕೇಳುವಾಗಲೂ ತೋರಿಸುತ್ತದೆ. ಸರ್ವರ್ ನೋಡುವುದು ಟೋಕನ್ನನ್ನು. ಕುರ್ಚಿಯಲ್ಲಿ ಕುಳಿತವರು ಯಾರೆಂದು ಅದಕ್ಕೆ ಕಾಣುವುದಿಲ್ಲ. ಸೈಬರ್ ಸೆಂಟರಿನಲ್ಲಿ ಆದದ್ದು ಇದೇ.

ಎಲ್ಲ ಕುಕಿಗಳ ಆಯುಷ್ಯವೂ ಒಂದೇ ಅಲ್ಲ. ಕೆಲವು ಬ್ರೌಸರನ್ನು ಪೂರ್ತಿ ಮುಚ್ಚಿದಾಗ ಅಳಿಯುತ್ತವೆ. ಇವು ಸೆಷನ್ ಕುಕಿಗಳು. ಆದರೆ ಹಿಂದೆ ತೆರೆದಿದ್ದ ಪುಟಗಳನ್ನೇ ಮತ್ತೆ ತೆರೆಯುವಂತೆ ಬ್ರೌಸರನ್ನು ಹೊಂದಿಸಿದ್ದರೆ ಇವೂ ಉಳಿದುಕೊಳ್ಳಬಹುದು. ಇನ್ನು ಕೆಲವಕ್ಕೆ ಔಷಧದ ಸೀಸೆಯಂತೆ ಮುಗಿಯುವ ದಿನಾಂಕವಿರುತ್ತದೆ. ಕ್ರೋಮ್ ಬ್ರೌಸರ್ 2022ರಿಂದ ಈ ಆಯುಷ್ಯಕ್ಕೆ ಹೆಚ್ಚೆಂದರೆ 400 ದಿನಗಳ ಮಿತಿ ಹಾಕಿದೆ. ಒಂದು ಕುಕಿಯ ಗಾತ್ರ ಸಾಮಾನ್ಯವಾಗಿ 4 ಕಿಲೋಬೈಟ್ ದಾಟುವುದಿಲ್ಲ. ಅದು ಬರಿಯ ಅಕ್ಷರ, ಅಂಕಿಗಳ ಸಾಲು. ವೈರಸ್ ಅಲ್ಲ, ತಾನಾಗಿ ಓಡುವ ಕಾರ್ಯಕ್ರಮವೂ ಅಲ್ಲ. ಗಣಕದಲ್ಲಿರುವ ಫೋಟೋಗಳನ್ನಾಗಲಿ ಕಡತಗಳನ್ನಾಗಲಿ ಅದು ಓದಲಾರದು.

ಹಾಗಾದರೆ ಕುಕಿಯ ಬಗ್ಗೆ ಇಷ್ಟೊಂದು ದೂರು ಏಕೆ? ದೂರು ಇರುವುದು ಹೆಚ್ಚಾಗಿ ‘ಥರ್ಡ್ ಪಾರ್ಟಿ’ ಅಥವಾ ಮೂರನೆಯವರ ಕುಕಿಗಳ ಮೇಲೆ. ಒಂದು ಸುದ್ದಿ ಪುಟ ತೆರೆದಾಗ ಅದರಲ್ಲಿನ ಜಾಹೀರಾತು ಬೇರೊಂದು ಸಂಸ್ಥೆಯ ಸರ್ವರಿನಿಂದ ಬರುತ್ತಿರಬಹುದು. ಆ ಸಂಸ್ಥೆಯೂ ತನ್ನದೊಂದು ಟೋಕನ್ ಕೊಟ್ಟು ಹೋಗುತ್ತದೆ. ಶೂ ಮಾರುವ ತಾಣದಲ್ಲಿಯೂ ಪಾಠ ಹೇಳುವ ತಾಣದಲ್ಲಿಯೂ ಅದೇ ಸಂಸ್ಥೆಯ ಜಾಹೀರಾತು ಇದ್ದರೆ, ಹಳೆಯ ಟೋಕನ್ ಅಲ್ಲೂ ಅದಕ್ಕೆ ಕಾಣುತ್ತದೆ. ರಾಜಾಜಿನಗರದ ಬಟ್ಟೆ ಅಂಗಡಿ, ವಿಜಯನಗರದ ಪುಸ್ತಕದಂಗಡಿ, ಕೆಂಗೇರಿಯ ಔಷಧದಂಗಡಿ ಮೂರರಲ್ಲೂ ಒಬ್ಬನೇ ಮನುಷ್ಯ ಮೂಲೆಯಲ್ಲಿ ಕುಳಿತು, 137ನೆಯವರು ಏನು ನೋಡಿದರು ಎಂದು ಬರೆದುಕೊಳ್ಳುತ್ತಿದ್ದರೆ ಹೇಗೋ ಹಾಗೆ. ಬಟ್ಟೆ ಅಂಗಡಿಯವನು ತನ್ನ ಗಿರಾಕಿಯನ್ನು ನೆನಪಿಟ್ಟುಕೊಂಡರೆ ಅದು ವ್ಯಾಪಾರ. ಮೂರು ಅಂಗಡಿಗಳ ಲೆಕ್ಕವನ್ನೂ ಒಬ್ಬನೇ ಜೋಡಿಸಿದರೆ ಮನೆಯ ಕಾಯಿಲೆ ಕಸಾಲೆಯೂ ಅವನಿಗೆ ತಿಳಿಯುತ್ತದೆ.

ಆಪಲ್‌ನ ಸಫಾರಿ 2020ರ ಮಾರ್ಚಿನಿಂದ ಇಂಥ ಕುಕಿಗಳನ್ನು ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್‌ನಿಂದ ಇವನ್ನು ತೆಗೆದುಹಾಕುವುದಾಗಿ ಗೂಗಲ್ 2020ರಲ್ಲಿ ಹೇಳಿ, ಹಲವು ಸಲ ಮುಂದೂಡಿ, 2024ರ ಜುಲೈನಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಆದ್ದರಿಂದ ಕ್ರೋಮ್ ಬಳಸುವವರು ತಾವೇ ಬಾಗಿಲು ಹಾಕಿಕೊಳ್ಳಬೇಕು.

ಇದನ್ನೆಲ್ಲ ಬಾಯಿಪಾಠ ಮಾಡುವುದಕ್ಕಿಂತ ಒಂದು ಪ್ರಯೋಗ ಮಾಡಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯದು. ಲಾಗಿನ್ ಆಗದೆಯೇ ಸಾಮಾನು ಆರಿಸಲು ಬಿಡುವ ಒಂದು ಅಂಗಡಿ ತಾಣವನ್ನು ತೆರೆದು, ಒಂದು ಜ್ಯಾಮಿಟ್ರಿ ಬಾಕ್ಸನ್ನು ಬುಟ್ಟಿಗೆ ಹಾಕಬೇಕು. ಬ್ರೌಸರ್ ಮುಚ್ಚಿ ಮತ್ತೆ ತೆರೆದರೆ ಸಾಮಾನ್ಯವಾಗಿ ಬಾಕ್ಸ್ ಬುಟ್ಟಿಯಲ್ಲೇ ಇರುತ್ತದೆ. ಈಗ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಅದೇ ತಾಣ ತೆರೆದರೆ ಬುಟ್ಟಿ ಖಾಲಿ. ಗಣಕ ಅದೇ, ತಾಣ ಅದೇ, ವಿದ್ಯಾರ್ಥಿಯೂ ಅವನೇ. ಬದಲಾದದ್ದು ಒಂದೇ: ಹೊಸ ಕಿಟಕಿಯ ಬಳಿ ಹಳೆಯ ಟೋಕನ್ ಇಲ್ಲ. ಬಳಿಕ ಮೊದಲಿನ ಕಿಟಕಿಗೆ ಮರಳಿ ಆ ತಾಣದ ಮಾಹಿತಿಯನ್ನು ಅಳಿಸಿದರೆ ಅಲ್ಲಿಯೂ ಬುಟ್ಟಿ ಬರಿದಾಗುತ್ತದೆ. ಒಂದು ಅಂಶವನ್ನು ಮಾತ್ರ ಬದಲಿಸಿ ಪರಿಣಾಮ ನೋಡುವ, ಪ್ರಯೋಗಶಾಲೆಯ ಪದ್ಧತಿಯೇ ಇದು.

ಕುಕಿಗಳನ್ನು ಕಣ್ಣಾರೆ ನೋಡುವುದು ಹೇಗೆ? ಕ್ರೋಮ್ ಅಥವಾ ಎಡ್ಜ್‌ನಲ್ಲಿ ಯಾವುದೇ ತಾಣ ತೆರೆದು ಎಫ್12 ಕೀಲಿ ಒತ್ತಿದರೆ ಒಂದು ಹೊಸ ಅಂಕಣ ಬರುತ್ತದೆ. ಅದರ ಮೇಲ್ಸಾಲಿನಲ್ಲಿ ‘ಅಪ್ಲಿಕೇಷನ್’ ಆರಿಸಿ, ಎಡಗಡೆ ‘ಕುಕೀಸ್’ ಎಂಬಲ್ಲಿ ಒತ್ತಬೇಕು. ಫೈರ್‌ಫಾಕ್ಸ್‌ನಲ್ಲಿ ಇದೇ ಜಾಗಕ್ಕೆ ‘ಸ್ಟೋರೇಜ್’ ಎಂದು ಹೆಸರು. ಕುಕಿಯ ಹೆಸರು, ಅದರ ಮೌಲ್ಯ, ಯಾವ ತಾಣದ್ದು, ಎಂದು ಮುಗಿಯುತ್ತದೆ ಎಂಬ ಪಟ್ಟಿ ಅಲ್ಲಿ ಕಾಣುತ್ತದೆ. ಈ ಪಟ್ಟಿಯ ಚಿತ್ರ ತೆಗೆದು ಗೆಳೆಯರಿಗೆ ಕಳಿಸುವುದಾಗಲಿ, ಯಾರೋ ಹೇಳಿದರೆಂದು ಅಲ್ಲಿಯ ಸಾಲುಗಳನ್ನು ನಕಲು ಮಾಡಿ ಕೊಡುವುದಾಗಲಿ ಕೂಡದು. ಅದು ಟೋಕನ್ನನ್ನೇ ಕೊಟ್ಟಂತೆ.

ಅಳಿಸಲು ಇನ್ನೂ ಸುಲಭ. ವಿಂಡೋಸ್ ಗಣಕದಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳಿಸುವ ಪೆಟ್ಟಿಗೆ ತೆರೆಯುತ್ತದೆ. ಎಷ್ಟು ಹಿಂದಿನಿಂದ ಅಳಿಸಬೇಕು ಎಂಬುದನ್ನು ಆರಿಸಿ, ಕುಕಿಗಳ ಮುಂದೆ ಗುರುತು ಹಾಕಿ ಒಪ್ಪಿಗೆ ಕೊಡಬೇಕು. ಒಂದೇ ತಾಣದ್ದು ಸಾಕೆಂದರೆ, ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಚಿಹ್ನೆಯನ್ನು ಒತ್ತಿ ‘ಕುಕೀಸ್ ಅಂಡ್ ಸೈಟ್ ಡೇಟಾ’ ಎಂಬಲ್ಲಿಗೆ ಹೋಗಬಹುದು. ಫೈರ್‌ಫಾಕ್ಸ್‌ನಲ್ಲಿ ‘ಸೆಟ್ಟಿಂಗ್ಸ್’ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಭಾಗದಲ್ಲಿಯೂ, ಮ್ಯಾಕ್ ಗಣಕದ ಸಫಾರಿಯಲ್ಲಿ ‘ಸೆಟ್ಟಿಂಗ್ಸ್’ನ ‘ಪ್ರೈವಸಿ’ ಭಾಗದಲ್ಲಿಯೂ ತಾಣಗಳ ಪಟ್ಟಿ ಸಿಗುತ್ತದೆ. ಕ್ರೋಮ್‌ನಲ್ಲಿ ಮೂರನೆಯವರ ಕುಕಿಗಳನ್ನು ತಡೆಯುವ ಗುಂಡಿಯೂ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಭಾಗದಲ್ಲೇ ಇದೆ. ಆವೃತ್ತಿ ಬದಲಾದಂತೆ ಪದಗಳು ತುಸು ಬದಲಾಗಬಹುದು, ದಾರಿ ಮಾತ್ರ ಹೆಚ್ಚುಕಡಿಮೆ ಇದೇ.

ಎಲ್ಲ ಕುಕಿಗಳನ್ನೂ ಅಳಿಸಿದರೆ ಏನಾದೀತು? ಎಲ್ಲ ತಾಣಗಳಲ್ಲೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೆ. ಪಾಸ್‌ವರ್ಡ್ ನೆನಪಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಜಾಣತನ. ಅರ್ಜಿಯೊಂದನ್ನು ಅರ್ಧ ತುಂಬಿರುವಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು. ಇನ್ನೊಂದು ಮಾತು: ಯಾವ ಯಾವ ಪುಟ ನೋಡಿದೆವು ಎಂಬ ‘ಹಿಸ್ಟರಿ’ಯನ್ನು ಅಳಿಸಿದ ಮಾತ್ರಕ್ಕೆ ಕುಕಿ ಅಳಿಯುವುದಿಲ್ಲ. ಎರಡರ ಮುಂದೆಯೂ ಬೇರೆ ಬೇರೆ ಗುರುತು ಬೇಕು.

ಸೈಬರ್ ಸೆಂಟರಿನ ಹುಡುಗಿಯ ವಿಷಯಕ್ಕೆ ಬಂದರೆ, ಅವಳು ಮಾಡಬೇಕಾಗಿದ್ದದ್ದು ಎರಡು ಕೆಲಸ. ಆರಂಭದಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯುವುದು. ಫೈರ್‌ಫಾಕ್ಸ್ ಆದರೆ ಕಂಟ್ರೋಲ್, ಶಿಫ್ಟ್, ಪಿ. ಏಳುವ ಮೊದಲು ‘ಲಾಗ್ ಔಟ್’ ಒತ್ತಿ, ಅಂಥ ಕಿಟಕಿಗಳನ್ನೆಲ್ಲ ಮುಚ್ಚುವುದು. ಲಾಗ್ ಔಟ್ ಒತ್ತಿದಾಗ ಸರ್ವರಿನ ಕಡೆಯಲ್ಲೂ ಆ ಟೋಕನ್ ರದ್ದಾಗಬೇಕೆಂಬುದು ಪದ್ಧತಿ. ಬಹುಪಾಲು ತಾಣಗಳಲ್ಲಿ ಹಾಗೆಯೇ ಆಗುತ್ತದೆ. ಇನ್‌ಕಾಗ್ನಿಟೊ ಎಂದರೆ ಮಾಯದ ಕಂಬಳಿಯೇನಲ್ಲ. ತಾಣಕ್ಕೂ, ಕಾಲೇಜಿನ ಜಾಲವನ್ನು ನೋಡಿಕೊಳ್ಳುವವರಿಗೂ ಬಳಕೆ ತಿಳಿದೇ ತಿಳಿಯುತ್ತದೆ. ಎದ್ದುಹೋದ ಮೇಲೆ ಆ ಗಣಕದಲ್ಲಿ ಚೀಟಿ ಉಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಮರೆತು ಬಂದಾಗಿದ್ದರೆ? ಗಾಬರಿ ಬೇಡ. ಮನೆಯ ಗಣಕದಿಂದಲೋ ಫೋನಿನಿಂದಲೋ ಮೇಲ್‌ನ ಭದ್ರತಾ ಪುಟಕ್ಕೆ ಹೋದರೆ ಯಾವ ಯಾವ ಯಂತ್ರಗಳಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿ ಬಹುತೇಕ ಸಿಗುತ್ತದೆ. ಅಲ್ಲಿಂದಲೇ ದೂರದ ಯಂತ್ರವನ್ನು ಹೊರಹಾಕಿ, ಪಾಸ್‌ವರ್ಡ್ ಬದಲಿಸಬೇಕು. ಮೇಲ್ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. ಬೇರೆ ಅನೇಕ ತಾಣಗಳ ಪಾಸ್‌ವರ್ಡ್ ಬದಲಿಸುವ ಪತ್ರ ಬರುವುದು ಅಲ್ಲಿಗೇ. ಮೇಲ್ ಕೈಗೆ ಸಿಕ್ಕವರಿಗೆ ಮನೆಯ ಬೀಗದ ಕೈ ಗೊಂಚಲೇ ಸಿಕ್ಕಂತೆ.

ಮನೆಯ ಗಣಕವೂ ಪೂರ್ತಿ ನಿಶ್ಚಿಂತೆಯ ಜಾಗವಲ್ಲ. ಹಣ ಕೊಡದೆ ಸಿಗುವ ಕಳ್ಳ ಪ್ರತಿಯ ಆಟಗಳ ಜೊತೆ, ಬ್ರೌಸರಿನ ಕುಕಿಗಳನ್ನು ಕದ್ದು ರವಾನಿಸುವ ಕಾರ್ಯಕ್ರಮಗಳು ಬರುವುದುಂಟು. ಈಗಾಗಲೇ ಲಾಗಿನ್ ಆದ ಟೋಕನ್ ಸಿಕ್ಕರೆ ಕಳ್ಳನಿಗೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆಟದ ಆಸೆಗೆ ಅಪ್ಪನ ಖಾತೆಯ ಬಾಗಿಲು ತೆರೆದುಕೊಂಡೀತು.

ಈ ವಿಷಯದಲ್ಲಿ ಕಾನೂನು ಏನನ್ನುತ್ತದೆ? ಇಲ್ಲಿ ಬೆಂಗಳೂರಿನ ಹಿರಿಯರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಲ್ಲೇ ಆರಂಭವಾದ ಚರ್ಚೆಯ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18 ವರ್ಷ ತುಂಬದವರ ಮಾಹಿತಿ ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕು, ಮಕ್ಕಳ ಜಾಡು ಹಿಡಿದು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಕೂಡದು ಎನ್ನುತ್ತದೆ ಅದು. ಮಕ್ಕಳ ವಿಷಯದಲ್ಲಿ ತಪ್ಪಿದ ಸಂಸ್ಥೆಗೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅವು ಜಾರಿಗೆ ಬರುವುದು ಹಂತ ಹಂತವಾಗಿ.

ಕಾನೂನು ತನ್ನ ಕೆಲಸ ಮಾಡಲಿ. ಮನೆಯಲ್ಲಿ ತಿಂಗಳಿಗೊಮ್ಮೆ, ಒಂದು ಭಾನುವಾರ, ತಾಯಿ ತಂದೆ ಮಕ್ಕಳು ಒಟ್ಟಿಗೆ ಕುಳಿತು ಬ್ರೌಸರಿನ ಕುಕಿಗಳ ಪಟ್ಟಿ ತೆರೆದು ನೋಡಬಹುದು. ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಬಹುದು. ಮಕ್ಕಳು ಏನು ನೋಡಿದರೆಂದು ಪತ್ತೇದಾರಿಕೆ ಮಾಡುವುದಕ್ಕಾಗಿ ಇದನ್ನು ಮಾಡಬೇಕಿಲ್ಲ. ಹಾಗೆ ಮಾಡಿದರೆ ಮುಂದಿನ ತಿಂಗಳು ಮಕ್ಕಳು ಪಕ್ಕದಲ್ಲಿ ಕೂರುವುದಿಲ್ಲ. ಮನೆಯವರನ್ನು ಯಾರು ನೋಡುತ್ತಿದ್ದಾರೆ ಎಂದು ಎಲ್ಲರೂ ಸೇರಿ ತಿಳಿಯುವುದಕ್ಕಾಗಿ ಮಾಡಿದರೆ ಸಾಕು. ಮುಂದಿನ ಸಲ ಮಗಳು ಸೈಬರ್ ಸೆಂಟರಿನಿಂದ ಬಂದಾಗ, “ಕ್ಲೋಸ್ ಮಾಡಿದ್ಯಾ?” ಎನ್ನುವ ಬದಲು ತಂದೆ “ಲಾಗ್ ಔಟ್ ಮಾಡಿದ್ಯಾ?” ಎಂದು ಕೇಳುವಂತಾಗಲಿ.