ದಾಖಲೆಗಿಂತ ದೋಷನಿವಾರಣೆ ಮುಖ್ಯ

ಸೌರವಿದ್ಯುತ್ ಕ್ಷೇತ್ರದಲ್ಲಿ ಪೆರೋವ್‌ಸ್ಕೈಟ್ ಕೋಶಗಳ ಹೆಸರು ಇಂದು ಬಹುವಾಗಿ ಕೇಳಿಬರುತ್ತಿದೆ. 2009ರಲ್ಲಿ ಜಪಾನಿನ ವಿಜ್ಞಾನಿ ಸುತೋಮು ಮಿಯಾಸಾಕಾ ಅವರ ತಂಡ ವರದಿ ಮಾಡಿದ ಕೋಶದ ದಕ್ಷತೆ ಶೇ. 3.8 ಮಾತ್ರ. ಈಗ ಪ್ರಯೋಗಾಲಯದ ಪುಟ್ಟ ಕೋಶಗಳಲ್ಲಿ ಅದು ಶೇ. 26ನ್ನು ಮೀರಿದೆ. ಈ ಪ್ರಗತಿ ಶ್ಲಾಘನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉದ್ಯಮದ ಅಳಿವು ಉಳಿವು ನಿಂತಿರುವುದು ದಾಖಲೆಗಳ ಮೇಲಲ್ಲ, ಒಂದರಂತೆ ಮತ್ತೊಂದು ಫಲಕವನ್ನು ದೋಷವಿಲ್ಲದೆ ತಯಾರಿಸುವ ಸಾಮರ್ಥ್ಯದ ಮೇಲೆ.

ಪ್ರಯೋಗಾಲಯದಲ್ಲಿ ಪುಟ್ಟ ಗಾಜಿನ ಮೇಲೆ ದ್ರಾವಣದ ಹನಿಯಿಟ್ಟು, ಗಾಜನ್ನು ವೇಗವಾಗಿ ತಿರುಗಿಸಿ ಪದರ ಮೂಡಿಸುವುದು ವಾಡಿಕೆ. ದ್ರಾವಣದ ಬಹುಪಾಲು ಸಿಡಿದು ವ್ಯರ್ಥವಾಗುವ ಈ ವಿಧಾನ ಕಾರ್ಖಾನೆಗೆ ಒಗ್ಗದು. ದೊಡ್ಡ ಗಾಜಿನ ಮೇಲೆ ಕಿರಿದಾದ ಸೀಳಿನಿಂದ ದ್ರಾವಣ ಹರಿಸಿ ಲೇಪಿಸುವ ಯಂತ್ರ ಬೇಕು. ಒಂದೆಡೆ ಲೇಪ ಬೇಗ, ಇನ್ನೊಂದೆಡೆ ನಿಧಾನವಾಗಿ ಆರಿದರೆ ಹರಳುಗಳು ಅಸಮವಾಗಿ ಬೆಳೆದು, ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ವಿದ್ಯುತ್ ಸೋರುತ್ತದೆ. ಫಲಕದ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದರ ದೋಷ ಇಡೀ ಫಲಕದ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

2024ರಲ್ಲಿ ಚೀನಾದ ಲೋಂಗಿ ಸಂಸ್ಥೆ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಹೊದಿಸಿದ ಪುಟ್ಟ ಜೋಡಿಕೋಶದಲ್ಲಿ ಶೇ. 34.6 ದಕ್ಷತೆ ಸಾಧಿಸಿತು. ಅದೇ ವರ್ಷ ಆಕ್ಸ್‌ಫರ್ಡ್ ಪಿವಿ ಸಂಸ್ಥೆ ಅಮೆರಿಕದ ಗ್ರಾಹಕರಿಗೆ ಕಳುಹಿಸಿದ ಇಂಥದೇ ತಂತ್ರಜ್ಞಾನದ ಫಲಕಗಳ ದಕ್ಷತೆ ಶೇ. 24.5. ಈ ಅಂತರಕ್ಕೆ ಕಾರಣಗಳು ಹಲವು. ವಿಸ್ತೀರ್ಣ ಹೆಚ್ಚಿದಂತೆ ದೋಷಗಳಿಗೆ ಅವಕಾಶ ಹೆಚ್ಚುವುದು ಅವುಗಳಲ್ಲೊಂದು.

ಪರಿಹಾರಗಳು ಅಸಾಧ್ಯವೇನಲ್ಲ. ಗಾಜಿನ ಶುಚಿತ್ವ, ಕೊಠಡಿಯ ತೇವಾಂಶದ ನಿಯಂತ್ರಣ, ಲೇಪದ ಮೇಲೆ ಸಮನಾಗಿ ಸಾರಜನಕ ಹಾಯಿಸಿ ಆರಿಸುವುದು, ಹರಳಿನ ಬೆಳವಣಿಗೆಯನ್ನು ಹದಗೊಳಿಸುವ ರಾಸಾಯನಿಕಗಳ ಬಳಕೆ ಇವು ಮುಖ್ಯವಾದವು. ಇವೆಲ್ಲಕ್ಕಿಂತ ಮಿಗಿಲಾದುದು ಹಂತಹಂತದ ತಪಾಸಣೆ. ಬೆಳಕು ಬೀರಿ ಪದರ ಹೊರಸೂಸುವ ಹೊಳಪನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರೆ, ದೋಷ ಲೇಪನದ ಹಂತದಲ್ಲಿಯೇ ಬಯಲಾಗುತ್ತದೆ. ಉಳಿದ ಪದರಗಳನ್ನೂ ಹೊದಿಕೆಯ ಗಾಜನ್ನೂ ಜೋಡಿಸಿದ ಬಳಿಕ ಫಲಕವನ್ನು ತಿರಸ್ಕರಿಸುವುದು ಹಣವನ್ನು ನೀರಿಗೆ ಹಾಕಿದಂತೆ.

ಆದುದರಿಂದ ಈ ಕ್ಷೇತ್ರದಲ್ಲಿ ಬಂಡವಾಳ ಹೂಡುವ, ಯಂತ್ರ ಅಥವಾ ಸಾಮಗ್ರಿ ಪೂರೈಸುವ, ಫಲಕಗಳ ಮಾರಾಟಕ್ಕಿಳಿಯುವ ಉದ್ಯಮಿಗಳು ದಕ್ಷತೆಯ ಅಂಕಿಯೊಂದಕ್ಕೇ ಮಾರುಹೋಗಬಾರದು. ಆ ದಕ್ಷತೆ ಎಷ್ಟು ವಿಸ್ತೀರ್ಣದ ಫಲಕದ್ದು? ನೂರು ಫಲಕಗಳಲ್ಲಿ ತಪಾಸಣೆ ದಾಟುವುವು ಎಷ್ಟು? 85 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 85 ತೇವಾಂಶದಲ್ಲಿ 1000 ಗಂಟೆಗಳ ಪರೀಕ್ಷೆಯಲ್ಲಿ ಅವು ಉಳಿದಿವೆಯೇ? ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ಬಳಿಕವಷ್ಟೇ ಒಪ್ಪಂದಕ್ಕೆ ಸಹಿ ಹಾಕುವುದು ವಿವೇಕ.